ಹಾಡಿಸುವ ಕೂಟ, ಕೊಡಿಸುವ ಕೂಟ: ಒಂದು ಸಮುದಾಯ ಗಾಯನಸೇವೆಯ ವಿಮರ್ಶೆ

ಕಷ್ಟಕಾಲದಲ್ಲಿ ನೆರವಿನ ಹಣ ಕೂಡಿಸಲು ಸಂಗೀತ ಕಾರ್ಯಕ್ರಮ ಏರ್ಪಡಿಸುವುದು ಹೊಸದೇನಲ್ಲ. ವೇದಿಕೆ, ಅತಿಥಿಗಳು, ಭಾಷಣ, ನಡುನಡುವೆ ಹಾಡು, ಕೊನೆಗೆ ದೇಣಿಗೆಯ ಮನವಿ ಎಂಬ ಕ್ರಮ ಎಲ್ಲರಿಗೂ ಪರಿಚಿತವೇ. ನಾನು ಇಲ್ಲಿ ವಿಮರ್ಶಿಸುತ್ತಿರುವ ಗಾಯನಕೂಟ ಆ ಕ್ರಮವನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ನೆರೆಹೊರೆಯ ಕೆಲವರು ಸೇರಿ ತಿಂಗಳಿಗೊಮ್ಮೆ ನಡೆಸುವ ಈ ಕೂಟದಲ್ಲಿ ಬಂದವರೆಲ್ಲರೂ ಹಾಡುತ್ತಾರೆ. ಹಾಡು ಮುಗಿದ ಮೇಲೆ, ಕೆಲಸ ಕಳೆದುಕೊಂಡವರು, ಹಾಸಿಗೆ ಹಿಡಿದವರು, ಮನೆಯಲ್ಲಿ ಸಾವು ಕಂಡವರು ಇವರಿಗೆ ಏನು ಬೇಕಾಗಿದೆಯೋ ಅದನ್ನು ಒದಗಿಸುವ ಏರ್ಪಾಡು ಅಲ್ಲಿಯೇ ಆಗುತ್ತದೆ. ಪ್ರವೇಶ ಶುಲ್ಕವಾಗಲಿ ಸದಸ್ಯತ್ವವಾಗಲಿ ಇಲ್ಲ. ಇಂತಹ ಕೂಟಗಳು ಬೇರೆಡೆಯೂ ಇರುವುದರಿಂದ ಸಂಘಟಕರ ಹೆಸರಿಗಿಂತ ಅವರ ಕಾರ್ಯವಿಧಾನವೇ ಓದುಗರಿಗೆ ಹೆಚ್ಚು ಉಪಯುಕ್ತವೆಂದು ಭಾವಿಸಿ ಹೆಸರನ್ನು ಬಿಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜನರಿಂದ ಹಾಡಿಸುವುದರಲ್ಲಿ ಇವರನ್ನು ಮೀರಿಸುವವರು ಕಡಿಮೆ, ಆದರೆ ಲೆಕ್ಕ ಒಪ್ಪಿಸುವುದರಲ್ಲಿ ಇವರು ತೀರಾ ಹಿಂದುಳಿದಿದ್ದಾರೆ.

ಸಭಾಂಗಣದಲ್ಲಿ ಕುರ್ಚಿಗಳನ್ನು ವೇದಿಕೆಗೆ ಮುಖಮಾಡಿ ಸಾಲಾಗಿ ಇಡುವುದಿಲ್ಲ. ಒಂದರೊಳಗೊಂದು ಸುತ್ತುಗಳಾಗಿ ಇಡುತ್ತಾರೆ. ಹಾಡಿಸುವವರು ಒಳಸುತ್ತಿನಲ್ಲಿ ಎಲ್ಲರ ನಡುವೆ ನಿಂತಿರುತ್ತಾರೆ. ಮೈಕು ಇಲ್ಲ. ಇದು ಹಣ ಉಳಿಸುವ ಉಪಾಯವಲ್ಲ, ತಿಳಿದೇ ಮಾಡಿದ ನಿರ್ಧಾರ. ಮೈಕು ಬಂದರೆ ಒಬ್ಬರ ದನಿ ನೂರು ಜನರ ದನಿಯನ್ನು ನುಂಗುತ್ತದೆ, ಉಳಿದವರು ತಮಗೆ ಗೊತ್ತಾಗದಂತೆಯೇ ಬಾಯಿ ಮುಚ್ಚಿ ಕೇಳುಗರಾಗಿಬಿಡುತ್ತಾರೆ. ಶ್ರುತಿಯನ್ನು ಸಂಗೀತ ಕಲಿಯದವರ ಕಂಠಕ್ಕೂ ಎಟಕುವ ಹಾಗೆ ತಗ್ಗಿಸಿ ಹಿಡಿಯುತ್ತಾರೆ. ಆರಿಸುವ ಹಾಡುಗಳು ಹೆಚ್ಚಾಗಿ ಒಬ್ಬರು ಸಾಲೊಂದನ್ನು ಹೇಳಿದರೆ ಉಳಿದವರು ಅದನ್ನೇ ಹಿಂದಿರುಗಿಸುವ ಮಾದರಿಯವು. ಆದ್ದರಿಂದ ಮೊದಲ ಬಾರಿಗೆ ಬಂದವರಿಗೂ ಪಲ್ಲವಿ ಎರಡನೆಯ ಸುತ್ತಿಗೆ ಬಾಯಿಗೆ ಬಂದಿರುತ್ತದೆ. ಹಾಡಿನ ಹಾಳೆಗಳನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಕೊಡುತ್ತಾರೆ. ಓದಲು ಬಾರದವರೂ ಬರುತ್ತಾರೆಂಬ ಅರಿವಿನಿಂದಲೋ ಏನೋ, ಹಾಳೆ ನೋಡಿ ಹಾಡಲೇಬೇಕಾದ ಹಾಡುಗಳನ್ನು ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದಾರೆ.

ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸಿದ್ದು ಅಲ್ಲಿನ ಒಂದೇ ಒಂದು ನಿಯಮ. ನಿಮ್ಮ ಎರಡೂ ಪಕ್ಕದವರ ದನಿ ನಿಮಗೆ ಕೇಳುವಷ್ಟು ಮೆಲ್ಲಗೆ ಹಾಡಿ ಎಂದು ಹಾಡಿಸುವವರು ಪ್ರತಿ ಬಾರಿಯೂ ಆರಂಭದಲ್ಲಿ ಹೇಳುತ್ತಾರೆ. ಚೆನ್ನಾಗಿ ಹಾಡಬಲ್ಲವರಿಗೆ ಈ ನಿಯಮ ಸುಲಭವಲ್ಲ. ತಾಲೀಮು ಪಡೆದ ಗಾಯಕರು ಮೊದಮೊದಲು ಇದನ್ನು ಅವಮಾನವೆಂದು ತಿಳಿಯುವುದೂ ಉಂಟು. ಅಂತಹವರೊಬ್ಬರು ವಿರಾಮಕ್ಕೂ ಮುನ್ನ ಎದ್ದು ಹೋದದ್ದನ್ನು ನೋಡಿದ್ದೇನೆ. ಉಳಿದವರು ಮಾತ್ರ ಇನ್ನೊಬ್ಬರಿಗಾಗಿ ತಮ್ಮ ದನಿಯನ್ನು ತಗ್ಗಿಸುವುದನ್ನು, ನಡುಗುವ ಕಂಠದ ಹಿರಿಯರಿಗಾಗಿ ಕಾಲವನ್ನು ನಿಧಾನಗೊಳಿಸುವುದನ್ನು, ತಾಳ ತಪ್ಪಿದ ಮಗುವನ್ನು ಸುತ್ತಲಿನವರ ಚಪ್ಪಾಳೆಯಿಂದಲೇ ಹಾದಿಗೆ ತರುವುದನ್ನು ಯಾರ ಉಪದೇಶವೂ ಇಲ್ಲದೆ ರೂಢಿಸಿಕೊಳ್ಳುತ್ತಾರೆ. ಔದಾರ್ಯದ ಬಗ್ಗೆ ಅಲ್ಲಿ ಯಾರೂ ಮಾತನಾಡುವುದಿಲ್ಲ ಎಂಬುದನ್ನು ಈ ಸೇವೆಯ ದೊಡ್ಡ ಗುಣವಾಗಿಯೇ ಎಣಿಸುತ್ತೇನೆ.

ಒಟ್ಟಿಗೆ ಹಾಡಿದರೆ ಮನಸ್ಸು ಹತ್ತಿರವಾಗುತ್ತದೆ ಎನ್ನುವುದು ಬರಿಯ ನಂಬಿಕೆಯೇ, ಅದಕ್ಕೆ ಆಧಾರವಿದೆಯೇ ಎಂದು ಕೇಳುವವರಿದ್ದಾರೆ. ಆಧಾರವಿದೆ, ಆದರೆ ಸಂಘಟಕರು ಹೇಳಿಕೊಳ್ಳುವಷ್ಟು ಸರಳವಾಗಿಲ್ಲ. ಐಲುನೆಡ್ ಪಿಯರ್ಸ್, ರಾಬಿನ್ ಡನ್‌ಬಾರ್ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವು ವಯಸ್ಕರಿಗಾಗಿ ಹೊಸದಾಗಿ ಆರಂಭವಾದ ಗಾಯನ, ಕರಕುಶಲ ಮತ್ತು ಸೃಜನಶೀಲ ಬರವಣಿಗೆಯ ತರಗತಿಗಳನ್ನು ಏಳು ತಿಂಗಳ ಕಾಲ ಗಮನಿಸಿತು. ಹಾಡುವ ತರಗತಿಯವರು ಆರಂಭದಲ್ಲಿಯೇ ಬೇಗ ಹತ್ತಿರವಾದರು. ಆದರೆ ಏಳು ತಿಂಗಳ ಕೊನೆಗೆ ಮೂರೂ ಬಗೆಯ ತರಗತಿಗಳಲ್ಲಿ ಆಪ್ತತೆ ಒಂದೇ ಮಟ್ಟಕ್ಕೆ ಬಂದಿತ್ತು. ಅಂದರೆ ಬುಟ್ಟಿ ಹೆಣೆಯಲು ಕೂಡಿದರೂ ಜನ ಹತ್ತಿರವಾಗುತ್ತಾರೆ, ಹಾಡು ಆ ಕೆಲಸವನ್ನು ಬೇಗ ಮಾಡಿ ಮುಗಿಸುತ್ತದೆ ಎಂದಷ್ಟೇ ಇದರ ಅರ್ಥ. ನನ್ನ ಮಟ್ಟಿಗೆ ಕಷ್ಟಕಾಲದಲ್ಲಿ ಈ ಬೇಗವೇ ಬಹಳ ದೊಡ್ಡದು. ನೆರೆ ಬಂದಾಗ, ಕಾರ್ಖಾನೆ ಬಾಗಿಲು ಹಾಕಿದಾಗ ಅಥವಾ ಸಾಂಕ್ರಾಮಿಕ ಹಬ್ಬಿದಾಗ ಪರಸ್ಪರ ಪರಿಚಯವಾಗಲು ಏಳು ತಿಂಗಳು ಕಾಯುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಸಹಾಯದ ಪ್ರವೃತ್ತಿಯನ್ನೇ ನೇರವಾಗಿ ಪರೀಕ್ಷಿಸಿದ ಪ್ರಯೋಗಗಳೂ ಇವೆ. ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಮೈಕೆಲ್ ಟೊಮಸೆಲ್ಲೊ 2010ರಲ್ಲಿ ವರದಿ ಮಾಡಿದಂತೆ, ಜೋಡಿಯಾಗಿ ಹಾಡುತ್ತ, ವಾದ್ಯ ನುಡಿಸುತ್ತ, ಕುಣಿಯುತ್ತ ಆಡಿದ 4 ವರ್ಷದ ಮಕ್ಕಳು, ಅದೇ ಆಟವನ್ನು ಸಂಗೀತವಿಲ್ಲದೆ ಆಡಿದ ಮಕ್ಕಳಿಗಿಂತ ಹೆಚ್ಚಾಗಿ ತಮ್ಮ ಜೊತೆಗಾರರಿಗೆ ತಾವಾಗಿಯೇ ನೆರವಾದರು. ಗಮನಿಸಬೇಕಾದ ಅಂಶವೆಂದರೆ ಆ ಮಕ್ಕಳು ಸಂಗೀತವನ್ನು ಕೇಳಲಿಲ್ಲ, ಮಾಡಿದರು. ವೇದಿಕೆಯ ಕಾರ್ಯಕ್ರಮಕ್ಕೂ ಈ ಕೂಟಕ್ಕೂ ಇರುವ ಅಂತರ ಇದೇ ಆಗಿದೆ.

ಕೊಡಿಸುವ ಭಾಗಕ್ಕೆ ಬರುತ್ತೇನೆ. ಹಾಡಿನ ಕಾವು ಆರುವ ಮೊದಲೇ ಡಬ್ಬಿ ಹಿಡಿದು ಸುತ್ತುವುದು ಇಂತಹ ಕಾರ್ಯಕ್ರಮಗಳಲ್ಲಿ ಹಳೆಯ ತಂತ್ರ. ಕಣ್ಣಂಚು ಒದ್ದೆಯಾಗಿರುವಾಗ ಜೇಬು ಸುಲಭವಾಗಿ ತೆರೆದುಕೊಳ್ಳುತ್ತದೆ. ಇವರು ಹಾಗೆ ಮಾಡುವುದಿಲ್ಲ. ಹಾಡು ಮುಗಿದ ಮೇಲೆ ಸಾಕಷ್ಟು ದೀರ್ಘವಾದ ವಿರಾಮವಿರುತ್ತದೆ. ಜನ ಎದ್ದು ಓಡಾಡುತ್ತಾರೆ, ಮಾತನಾಡುತ್ತಾರೆ, ಬೇಕಾದವರು ಮನೆಗೂ ಹೋಗುತ್ತಾರೆ. ಆಮೇಲೆ ಒಂದು ಬದಿಯ ಗೋಡೆಯ ಫಲಕದ ಮೇಲೆ ಚೀಟಿಗಳನ್ನು ಅಂಟಿಸುತ್ತಾರೆ. ಪ್ರತಿ ಚೀಟಿಯಲ್ಲಿ ಒಂದು ಅಗತ್ಯ: ವಾರಕ್ಕೊಮ್ಮೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವವರು ಬೇಕು, ಶಾಲೆಯ ಮಗುವಿಗೆ ಗಣಿತ ಹೇಳಿಕೊಡಬೇಕು, ಹೊಲಿಗೆ ಯಂತ್ರವೊಂದು ಕೆಲವು ತಿಂಗಳ ಮಟ್ಟಿಗೆ ಎರವಲು ಬೇಕು, ಅರ್ಜಿ ತುಂಬಿ ಕಚೇರಿಗೆ ಅಲೆಯಲು ಒಬ್ಬರು ಬೇಕು. ಹಣದ ಅಗತ್ಯವಿದ್ದರೆ ಅದೂ ಇರುತ್ತದೆ. ಚೀಟಿಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆ ಯಾರದೆಂಬುದು ಇಬ್ಬರು ಸ್ವಯಂಸೇವಕರಿಗೆ ಮಾತ್ರ ಗೊತ್ತು. ನೆರವಾಗಬಯಸುವವರು ಒಂದು ಚೀಟಿಯನ್ನು ಕಿತ್ತುಕೊಂಡು ಆ ಸ್ವಯಂಸೇವಕರ ಬಳಿ ಹೋಗಿ ಹೊಣೆ ಒಪ್ಪಿಕೊಳ್ಳುತ್ತಾರೆ.

ಈ ಏರ್ಪಾಡಿನಲ್ಲಿ ಎರಡು ಒಳ್ಳೆಯ ಪರಿಣಾಮಗಳಿವೆ. ಕೈಯಲ್ಲಿ ಹಣವಿಲ್ಲದವರೂ ಕೊಡುವವರ ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದು ಎಲ್ಲರಿಗೂ ಕಾಣುವಂಥದ್ದು. ಇನ್ನೊಂದು ಅಷ್ಟು ಸುಲಭವಾಗಿ ಕಾಣುವುದಿಲ್ಲ: ಫಲಕದ ಮೇಲೆ ತಮ್ಮದೇ ಚೀಟಿಯಿರುವವರು ಬೇರೊಬ್ಬರ ಚೀಟಿಯನ್ನು ಕಿತ್ತುಕೊಳ್ಳುತ್ತಾರೆ. ನೆರವು ಪಡೆಯುವವರೆಂದೂ ನೀಡುವವರೆಂದೂ ಜನರನ್ನು ಬೇರೆ ಬೇರೆ ಕೂರಿಸಿದಾಗ ಹುಟ್ಟುವ ಮುಜುಗರ ಅಲ್ಲಿ ಹುಟ್ಟುವುದೇ ಇಲ್ಲ. ಪಡೆದವರನ್ನು ವೇದಿಕೆಗೆ ಕರೆದು, ಚೆಕ್ಕು ಹಿಡಿಸಿ, ಫೋಟೊ ತೆಗೆಸಿಕೊಳ್ಳುವ ಪದ್ಧತಿಯನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಸಭಾಂಗಣದೊಳಗೆ ಫೋಟೊ ತೆಗೆಯುವಂತಿಲ್ಲ.

ಆದರೆ ಫಲಕವನ್ನು ಸರಿಯಾಗಿ ನೋಡಿಕೊಳ್ಳುವವರಿಲ್ಲ. ಮಕ್ಕಳಿಗೆ ಸಂಬಂಧಿಸಿದ ಚೀಟಿಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿಯಾಗುತ್ತವೆ. ಮರೆವಿನ ಕಾಯಿಲೆಯ ಹಿರಿಯರ ಬಳಿ ರಾತ್ರಿ ಕೂರಬೇಕು ಎಂಬಂತಹ, ಕುಡಿತ ಬಿಡಲು ಹೆಣಗುತ್ತಿರುವವರ ಜೊತೆಗಿರಬೇಕು ಎಂಬಂತಹ ಚೀಟಿಗಳು ತಿಂಗಳುಗಟ್ಟಲೆ ಹಾಗೆಯೇ ಉಳಿದು ಮೂಲೆ ಮಡಚಿಕೊಳ್ಳುತ್ತವೆ. ಹಾಡು ಜನರನ್ನು ಮೃದುವಾಗಿಸಬಹುದೇ ಹೊರತು, ಯಾವ ಕಷ್ಟ ನೋಡಲು ಚೆಂದ, ಯಾವುದು ಅಲ್ಲ ಎಂಬ ಭೇದವನ್ನು ತಾನಾಗಿ ಅಳಿಸುವುದಿಲ್ಲ. ಯಾರೂ ಮುಟ್ಟದ ಚೀಟಿಗಳನ್ನು ಸಂಘಟಕರೇ ಎತ್ತಿಕೊಂಡು, ನಾಲ್ಕೈದು ಜನರ ಸರದಿಯಾಗಿ ಹಂಚಿದ್ದರೆ ಈ ತೊಡಕು ಬಗೆಹರಿಯುತ್ತಿತ್ತು. ಇದನ್ನು ಅವರಿಗೆ ಹೇಳಿದ್ದೇನೆ, ನೋಡೋಣ ಎಂದಿದ್ದಾರೆ.

ಒಟ್ಟಿಗೆ ಹಾಡಿದವರ ನಡುವೆ ಹುಟ್ಟುವ ಔದಾರ್ಯ ಆ ಕೋಣೆಯ ಹೊಸ್ತಿಲು ದಾಟುತ್ತದೆಯೇ ಎಂಬುದು ಈ ಬಗೆಯ ಎಲ್ಲ ಕೂಟಗಳಿಗೂ ಕೇಳಬೇಕಾದ ಪ್ರಶ್ನೆ. ಲಾರಾ ಚಿರೆಲ್ಲಿ, ಲಾರೆಲ್ ಟ್ರೇನರ್ ಮತ್ತು ಸಹೋದ್ಯೋಗಿಗಳು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 14 ತಿಂಗಳ ಕೂಸುಗಳೊಂದಿಗೆ ನಡೆಸಿದ ಪ್ರಯೋಗಗಳು ಇಲ್ಲಿ ಬಹಳ ಉಪಯುಕ್ತ. ಎತ್ತಿಕೊಂಡ ಕೂಸನ್ನು ಸಂಗೀತದ ಲಯಕ್ಕೆ ಕುಣಿಸುವಾಗ ಎದುರಿಗಿದ್ದ ವ್ಯಕ್ತಿಯೂ ಅದೇ ಲಯದಲ್ಲಿ ಕುಣಿದರೆ, ಆ ವ್ಯಕ್ತಿ ಬೀಳಿಸಿದ ವಸ್ತುವನ್ನು ಎತ್ತಿಕೊಡಲು ಕೂಸು ಹೆಚ್ಚು ಮುಂದಾಗುತ್ತಿತ್ತು. ಆದರೆ ಕುಣಿತದಲ್ಲಿ ಪಾಲ್ಗೊಳ್ಳದೆ ಸುಮ್ಮನಿದ್ದ ಮತ್ತೊಬ್ಬ ಅಪರಿಚಿತರಿಗೆ ಆ ಹೆಚ್ಚಿನ ನೆರವು ದೊರೆಯಲಿಲ್ಲ. ಮುಂದಿನ ಪ್ರಯೋಗದಲ್ಲಿ, ಜೊತೆಗೆ ಕುಣಿದವರ ಸ್ನೇಹಿತರೆಂದು ಕೂಸಿಗೆ ತೋರಿಸಿದವರಿಗೂ ನೆರವು ವಿಸ್ತರಿಸಿತು. ಲಯವು ಎಲ್ಲರಿಗೂ ಉದಾರವಾಗಿರುವುದನ್ನು ಕಲಿಸುವುದಿಲ್ಲ. ನಮ್ಮವರು ಯಾರು ಎಂಬುದನ್ನು ಗುರುತು ಮಾಡಿಕೊಡುತ್ತದೆ. ಯುದ್ಧಕ್ಕೆ ಹೊರಟ ಪಡೆಗಳೂ ಒಟ್ಟಿಗೆ ಹಾಡುತ್ತವೆ ಎಂಬುದನ್ನು ಮರೆಯಬಾರದು.

ಈ ಕೂಟವೂ ಆರಂಭದಲ್ಲಿ ಅದೇ ಸುಳಿಯಲ್ಲಿ ಸಿಕ್ಕಿತ್ತೆಂದು ಹಳಬರು ಹೇಳುತ್ತಾರೆ: ಬರುವವರು ಅವರೇ, ಕೊಡುವವರು ಅವರೇ, ಪಡೆಯುವವರೂ ಅವರೇ. ಈಗ ಅವರು ಕಂಡುಕೊಂಡಿರುವ ದಾರಿ ಸರಳವಾಗಿದೆ. ಪ್ರತಿ ಕೂಟದಲ್ಲಿ ಹೊಸದಾಗಿ ಬಂದವರೊಬ್ಬರು ಒಂದು ಹಾಡನ್ನು ಕಲಿಸಬೇಕು, ಉಳಿದವರು ಕಲಿಯಬೇಕು. ನೆಲೆ ತಪ್ಪಿ ಬಂದ ಕುಟುಂಬವೊಂದರ ಹಿರಿಯರು ತಮ್ಮ ಭಾಷೆಯ ಹಾಡೊಂದನ್ನು ಕಲಿಸಿದಾಗ, ಸಲೀಸಾಗಿ ಹಾಡಿಕೊಂಡಿದ್ದ ನಾವೆಲ್ಲರೂ ಉಚ್ಚಾರಣೆ ಸಿಗದೆ ತೊದಲಿದೆವು. ಅವರು ನಗುತ್ತ, ಗದರುತ್ತ ಮತ್ತೆ ಮತ್ತೆ ಹೇಳಿಸಿದರು. ಅಂದು ಆ ಮನೆಯವರ ಚೀಟಿ ಫಲಕದ ಮೇಲಿತ್ತು ಎಂದು ಬಹಳ ದಿನಗಳ ನಂತರ ಅವರೇ ಹೇಳಿದ್ದರಿಂದ ನನಗೆ ತಿಳಿಯಿತು. ನೆರವು ಕೇಳುವ ಮುನ್ನವೇ ಏನನ್ನಾದರೂ ಕೊಟ್ಟಿರುವ ಅವಕಾಶ ಅವರಿಗೆ ದೊರೆತಿತ್ತು. ಈ ಸೇವೆಯಲ್ಲಿ ನಕಲು ಮಾಡಲು ಯೋಗ್ಯವಾದ ಒಂದೇ ಅಂಶವನ್ನು ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಇನ್ನು ಅಸಮಾಧಾನದ ಮಾತು. ತಾಳವಾದ್ಯ ನುಡಿಸುವವರು, ಹಾಡಿಸುವವರು ಇವರಿಗೆಲ್ಲ ಈ ಕೂಟ ಸಂಭಾವನೆ ನೀಡುವುದಿಲ್ಲ. ಸೇವೆಯೆಂದು ಮಾಡುತ್ತಿದ್ದಾರೆ ಎಂಬುದು ಸಂಘಟಕರ ಸಮಜಾಯಿಷಿ. ಕಷ್ಟಕಾಲದಲ್ಲಿ ಮೊದಲು ಆದಾಯ ಕಳೆದುಕೊಳ್ಳುವವರಲ್ಲಿ ಸಂಗೀತಗಾರರೂ ಸೇರಿರುತ್ತಾರೆ. ಅವರ ದುಡಿಮೆಯನ್ನು ಪುಕ್ಕಟೆಯಾಗಿ ಪಡೆದು ಇತರರಿಗೆ ಉದಾರಿಗಳಾಗುವುದರಲ್ಲಿ ಏನೋ ಸರಿಯಿಲ್ಲ. ಈ ವಿಷಯದಲ್ಲಿ ಲಂಡನ್ನಿನ ಒಂದು ಹಳೆಯ ಉದಾಹರಣೆಯನ್ನು ಅವರು ಓದಿಕೊಳ್ಳಬೇಕು. ಎರಡನೆಯ ಮಹಾಯುದ್ಧ ಆರಂಭವಾದಾಗ ಅಲ್ಲಿನ ಸಂಗೀತ ಸಭಾಂಗಣಗಳು ಬಾಂಬಿನ ಭಯದಿಂದ ಮುಚ್ಚಿದ್ದವು, ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಬರಿದಾದ ಆ ಗ್ಯಾಲರಿಯಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ 1939ರ ಅಕ್ಟೋಬರ್ 10ರಂದು ಮಧ್ಯಾಹ್ನದ ಕಛೇರಿಗಳನ್ನು ಆರಂಭಿಸಿದರು. ಪ್ರವೇಶಕ್ಕೆ ಒಂದು ಶಿಲಿಂಗ್. ಬಾಂಬ್ ದಾಳಿ ತೀವ್ರವಾದಾಗ ಕಛೇರಿಗಳು ನೆಲಮಾಳಿಗೆಗೆ ಇಳಿದವೇ ಹೊರತು ನಿಲ್ಲಲಿಲ್ಲ. 1946ರ ಏಪ್ರಿಲ್‌ವರೆಗೆ 1,698 ಕಛೇರಿಗಳು ನಡೆದವು, 8 ಲಕ್ಷಕ್ಕೂ ಹೆಚ್ಚು ಜನ ಕೇಳಿದರು. ಹೆಸ್ ತಮಗಾಗಿ ಸಂಭಾವನೆ ಪಡೆಯಲಿಲ್ಲ. ಆದರೆ ನುಡಿಸಲು ಬಂದ ಇತರರಿಗೆ, ಹೆಸರಾಂತರಿಗೂ ಹೊಸಬರಿಗೂ ಒಂದೇ ದರದಲ್ಲಿ ಸಂಭಾವನೆ ಸಲ್ಲುತ್ತಿತ್ತು, ಉಳಿದ ಹಣ ಸಂಗೀತಗಾರರ ನೆರವಿನ ನಿಧಿಗೆ ಹೋಗುತ್ತಿತ್ತು. ಸ್ವತಃ ಬಿಟ್ಟುಕೊಡುವುದು ಔದಾರ್ಯ, ಇನ್ನೊಬ್ಬರಿಂದ ಬಿಡಿಸಿಕೊಳ್ಳುವುದು ಔದಾರ್ಯವಲ್ಲ ಎಂಬ ವ್ಯತ್ಯಾಸವನ್ನು ಆಕೆ ಚೆನ್ನಾಗಿ ಅರಿತಿದ್ದರು.

ವರ್ಷಕ್ಕೊಮ್ಮೆ ಇದೇ ಸಂಘಟಕರು ದೊಡ್ಡ ವೇದಿಕೆಯ ಕಾರ್ಯಕ್ರಮವನ್ನೂ ನಡೆಸುತ್ತಾರೆ. ಅಲ್ಲಿ ಮೈಕು, ದೀಪಗಳು, ಸಾಲು ಕುರ್ಚಿಗಳು ಎಲ್ಲವೂ ಮರಳಿ ಬರುತ್ತವೆ. ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಹಣ ಹೆಚ್ಚು ಕೂಡುತ್ತದೆ, ಚೀಟಿ ಕೀಳುವ ಕೈಗಳು ಹೆಚ್ಚುವುದಿಲ್ಲ.

ಆ ಹಣದ ಲೆಕ್ಕ ಮಾತ್ರ ನನ್ನ ಗಂಭೀರ ಆಕ್ಷೇಪ. ದೇಣಿಗೆ ನೀಡಿದವರಿಗೆ ರಸೀದಿ ದೊರೆಯುವುದು ಕೇಳಿದರೆ ಮಾತ್ರ. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಮುಂದಿನ ಕೂಟದಲ್ಲಿ ಬಾಯಿಮಾತಿನಲ್ಲಿ ಓದುತ್ತಾರೆ, ಬರಹದಲ್ಲಿ ಕೊಡುವುದಿಲ್ಲ. ಇಲ್ಲಿ ಯಾರೂ ಹಣ ನುಂಗಿದ್ದಾರೆಂದು ನಾನು ಹೇಳುತ್ತಿಲ್ಲ, ಹಾಗೆ ಅನುಮಾನಿಸಲು ಕಾರಣವೂ ಇಲ್ಲ. ಒಳ್ಳೆಯ ಉದ್ದೇಶವೇ ಲೆಕ್ಕಪತ್ರದ ಕೆಲಸವನ್ನೂ ಮಾಡಿಬಿಡುತ್ತದೆ ಎಂಬ ಭ್ರಮೆ ಬಹಳ ದೊಡ್ಡವರನ್ನೂ ಕಾಡಿದೆ. ಸಿತಾರ್ ವಾದಕ ರವಿಶಂಕರ್ ಮತ್ತು ಬೀಟಲ್ಸ್ ತಂಡದಲ್ಲಿದ್ದ ಗಾಯಕ ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಒಂದೇ ದಿನ ಎರಡು ಕಛೇರಿಗಳನ್ನು ಏರ್ಪಡಿಸಿದ್ದು ಪ್ರಸಿದ್ಧ ಸಂಗತಿ. ಪ್ರವೇಶ ಟಿಕೆಟ್ಟುಗಳಿಂದ ಬಂದ 2,43,000 ಡಾಲರುಗಳಿಗೂ ಮಿಕ್ಕ ಹಣ ಯುನಿಸೆಫ್‌ಗೆ ತಲುಪಿತು. ಆದರೆ ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ ಬಹಳ ದೊಡ್ಡ ಮೊತ್ತ, ತೆರಿಗೆ ವಿನಾಯಿತಿಗೆ ಮೊದಲೇ ಅರ್ಜಿ ಹಾಕದಿದ್ದ ಕಾರಣ, ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿದ್ದಿತ್ತು. ಹಸಿವಿಗೆ ಆ ಕಾಗದಪತ್ರದ ತಕರಾರು ಅರ್ಥವಾಗುವುದಿಲ್ಲ. ವಾದ್ಯಗಳನ್ನು ಶ್ರುತಿ ಮಾಡುವುದಕ್ಕೂ ಮುನ್ನ ಲೆಕ್ಕಪುಸ್ತಕವನ್ನು ಸರಿಪಡಿಸಿಕೊಳ್ಳುವ ಒಬ್ಬರು ಪ್ರತಿ ಕೂಟದಲ್ಲೂ ಇರಬೇಕು.

ರೋಗದ ಕಾಲದಲ್ಲಿ ಇಂತಹ ಕೂಟಕ್ಕೆ ಹೋಗುವುದು ಸುರಕ್ಷಿತವೇ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಜಿಟ್ ಎಂಬಲ್ಲಿ ಸಮೂಹ ಗಾಯನದ ತಾಲೀಮಿಗೆ ಬಂದಿದ್ದ 61 ಜನರಲ್ಲಿ, ಖಚಿತ ಮತ್ತು ಶಂಕಿತ ಪ್ರಕರಣಗಳು ಸೇರಿ, 53 ಜನರಿಗೆ ಕೋವಿಡ್ ತಗುಲಿತು, ಇಬ್ಬರು ಸತ್ತರು. ಹಾಡುವಾಗ ನಾವು ಉಸಿರನ್ನು ಆಳವಾಗಿ ಎಳೆದುಕೊಂಡು ಜೋರಾಗಿ ಹೊರಹಾಕುತ್ತೇವೆ. ಗಾಳಿಯಾಡದ ಕೋಣೆಯಲ್ಲಿ ಅದೇ ಅಪಾಯ. ಈ ಕೂಟದವರು ಕಿಟಕಿಗಳನ್ನೆಲ್ಲ ತೆರೆದಿಡುತ್ತಾರೆ, ಕೆಮ್ಮು ಜ್ವರ ಇದ್ದವರನ್ನು ಬಾಗಿಲಲ್ಲೇ ಸೌಜನ್ಯದಿಂದ ಹಿಂದಕ್ಕೆ ಕಳುಹಿಸುತ್ತಾರೆ, ಅಂತಹವರಿಗಾಗಿ ಅಂತರ್ಜಾಲದ ಮೂಲಕವೂ ಸೇರುವ ವ್ಯವಸ್ಥೆ ಇಟ್ಟಿದ್ದಾರೆ.

ಅಂತರ್ಜಾಲದ ಆ ವ್ಯವಸ್ಥೆಯಿಂದ ಬಹಳ ನಿರೀಕ್ಷಿಸಬೇಡಿ. ದನಿಯೊಂದು ಇನ್ನೊಬ್ಬರಿಗೆ ತಲುಪಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 30 ಭಾಗಕ್ಕಿಂತ ಹೆಚ್ಚು ತಡವಾದರೆ ತಾಳ ಹಿಡಿದು ಒಟ್ಟಿಗೆ ಹಾಡುವುದು ಕಷ್ಟವಾಗತೊಡಗುತ್ತದೆ. ಸಾಮಾನ್ಯ ವಿಡಿಯೊ ಕರೆಗಳಲ್ಲಿ ಈ ವಿಳಂಬ ಅದರ ಹಲವು ಪಟ್ಟು ಇರುತ್ತದೆ. ಆದ್ದರಿಂದ ಮನೆಯಲ್ಲಿರುವವರ ಮೈಕನ್ನು ಮುಚ್ಚಿಸಿ, ತಮ್ಮಷ್ಟಕ್ಕೆ ತಾವು ಹಾಡಿಕೊಳ್ಳಿ ಎನ್ನುತ್ತಾರೆ. ಅದು ಒಟ್ಟಿಗೆ ಹಾಡಿದಂತಾಗುವುದಿಲ್ಲ. ಆದರೆ ಚೀಟಿಗಳ ಭಾಗಕ್ಕೆ ಬಂದಾಗ ಹಾಸಿಗೆಯಲ್ಲಿರುವವರೂ ಫೋನಿನಲ್ಲಿ ಮಾತನಾಡಿಸುವ, ಅರ್ಜಿ ಬರೆದುಕೊಡುವ ಹೊಣೆಗಳನ್ನು ಒಪ್ಪಿಕೊಳ್ಳುತ್ತಾರೆ. ಆ ಕಾರಣಕ್ಕಾದರೂ ಈ ವ್ಯವಸ್ಥೆ ಉಳಿಯಬೇಕು.

ಹೊಸದಾಗಿ ಸಾವು ಕಂಡವರು, ಮನಸ್ಸು ಕುಗ್ಗಿರುವವರು ಹೋಗಬಹುದೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಹೊರಸುತ್ತಿನಲ್ಲಿ ಬಾಗಿಲಿನ ಬಳಿ ಕೆಲವು ಕುರ್ಚಿಗಳಿವೆ. ಅಲ್ಲಿ ಕುಳಿತವರನ್ನು ಹಾಡಿ ಎಂದು ಯಾರೂ ಒತ್ತಾಯಿಸುವುದಿಲ್ಲ, ನಡುವೆ ಎದ್ದು ಹೋದರೆ ಕಾರಣ ಕೇಳುವುದಿಲ್ಲ. ಉಲ್ಲಾಸದ ಹಾಡುಗಳನ್ನೇ ಸಾಲಾಗಿ ಹಾಡಿಸಿ ದುಃಖವನ್ನು ಓಡಿಸುವ ಹಟವೂ ಅಲ್ಲಿಲ್ಲ. ಪರಿಣತ ಸಂಗೀತವನ್ನು ಬಯಸಿ ಹೋಗುವವರಿಗೆ ಮಾತ್ರ ನಿರಾಶೆ ಖಂಡಿತ, ಏಕೆಂದರೆ ಅಪಸ್ವರಗಳು ಹೇರಳವಾಗಿವೆ.

ಹೋಗುವುದಾದರೆ ಆರಂಭದ ಹೊತ್ತಿಗೇ ಹೋಗಿ. ತಡವಾಗಿ ಬಂದವರಿಗೆ ಪಲ್ಲವಿ ಹತ್ತುವುದಿಲ್ಲ. ವಿರಾಮದಲ್ಲಿ ಮನೆಗೆ ಹೊರಡುವ ಮನಸ್ಸಾದರೆ ಒಮ್ಮೆ ಫಲಕದತ್ತ ನಡೆದು, ಮೂಲೆ ಮಡಚಿಕೊಂಡ ಹಳೆಯ ಚೀಟಿಗಳನ್ನು ಮೊದಲು ಓದಿ. ಹಣ ಕೊಟ್ಟರೆ ರಸೀದಿಯನ್ನು ಕೇಳಿಯೇ ಪಡೆಯಿರಿ. ಕೇಳುವವರು ಹೆಚ್ಚಾದಂತೆ ಸಂಘಟಕರು ಲೆಕ್ಕವನ್ನು ಅಚ್ಚು ಹಾಕಿಸಿ ಅದೇ ಫಲಕಕ್ಕೆ ಅಂಟಿಸುವ ದಿನವೂ ಬರಬಹುದು. ಹಾಗಾದಾಗ ಈ ವಿಮರ್ಶೆಯ ಆ ಭಾಗವನ್ನು ತಿದ್ದಿ ಬರೆಯಲು ನಾನು ಸಿದ್ಧನಿದ್ದೇನೆ.